ಮೂವತ್ತರ ನಂತರ ವೈದ್ಯಕೀಯ ಓದು: ಕಾರವಾರ, ಕುಮಟಾ, ಶಿರಸಿಯವರ ಮುಂದಿರುವ ದಾರಿಗಳು

ಪಿಯುಸಿ ಫಲಿತಾಂಶ ಬರುವ ಹೊತ್ತಿಗೆ ನನ್ನ ಬಳಿ ಮಕ್ಕಳಷ್ಟೇ ಬರುವುದಿಲ್ಲ. ಕುಮಟಾದಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ ಎಂದು ತಿಳಿದು ಬೇರೆಯವರೂ ಬರುತ್ತಾರೆ. ಒಬ್ಬರು ಖಾಸಗಿ ಆಸ್ಪತ್ರೆಯ ನರ್ಸ್, ಒಬ್ಬರು ಔಷಧ ಕಂಪನಿಯ ಪ್ರತಿನಿಧಿ, ಮತ್ತೊಬ್ಬರು ಬಿಎಸ್ಸಿ ಮುಗಿದ ಕೂಡಲೇ ಮದುವೆಯಾಗಿ ಈಗ ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸಿದವರು. "ಅಕ್ಕೋರೇ, ನಂಗೆ ಮೂವತ್ತೆರಡಾಯ್ತು. ಈಗ ನೀಟ್ ಬರೆಯೂಕೆ ಆಗ್ತದಾ?" ಎಂದು ಬಾಗಿಲಲ್ಲೇ ನಿಂತು ಕೇಳುತ್ತಾರೆ.

ಆಗುತ್ತದೆ. ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ಈ ನೀಟ್ ಬರೆಯಲು ಸಾಮಾನ್ಯ ವರ್ಗಕ್ಕೆ 25, ಮೀಸಲಾತಿ ಇದ್ದವರಿಗೆ 30 ಎಂಬ ಗರಿಷ್ಠ ವಯಸ್ಸಿನ ಗಡಿಯನ್ನು ಹಿಂದೆ ಹಾಕಿದ್ದರು, ಅದು ಕೋರ್ಟಿನ ಮೆಟ್ಟಿಲನ್ನೂ ಏರಿತ್ತು. 2022ರ ಮಾರ್ಚ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಆ ಗಡಿಯನ್ನೇ ತೆಗೆದುಹಾಕಿತು. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿದ್ದರೆ ಸಾಕು, ಮೇಲಿನ ಮಿತಿ ಇಲ್ಲ. ಎಷ್ಟು ಸಲ ಬರೆಯಬಹುದು ಎನ್ನುವುದಕ್ಕೂ ಮಿತಿ ಇಲ್ಲ.

ಆದರೆ ಬಾಗಿಲು ತೆರೆದಿದೆ ಎಂದಮಾತ್ರಕ್ಕೆ ಎಲ್ಲರೂ ಅದೇ ಬಾಗಿಲಿನಿಂದ ಹೋಗಬೇಕಾಗಿಲ್ಲ. ಹದಿನೆಂಟರ ಹುಡುಗನಿಗೆ ಎಂಬಿಬಿಎಸ್ ಓದಿನ ಐದೂವರೆ ವರ್ಷ ಎಂದರೆ ಐದೂವರೆ ವರ್ಷ ಮಾತ್ರ. ಮೂವತ್ತೆರಡರ ತಾಯಿಗೆ ಅದೇ ಅವಧಿ ಎಂದರೆ ಮಗುವಿನ ಒಂದರಿಂದ ಆರನೇ ಕ್ಲಾಸು, ಅತ್ತೆ ಮಾವನ ಆರೋಗ್ಯ, ಮನೆ ಸಾಲದ ಕಂತು ಎಲ್ಲ ಸೇರಿದ್ದು. ಹಾಗಾಗಿ ನಾನು ಕೇಳುವ ಮೊದಲ ಪ್ರಶ್ನೆ ಅಂಕದ್ದಲ್ಲ. ಕೋರ್ಸು ಮುಗಿದ ಮರುದಿನ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಿ ಏನು ಕೆಲಸ ಮಾಡಬೇಕೆಂದಿದ್ದೀರಿ? ಹೊರರೋಗಿ ವಿಭಾಗದಲ್ಲಿ ಕೂತು ಕಾಯಿಲೆ ಪತ್ತೆ ಮಾಡಬೇಕೆಂದೇ? ರೋಗಿಯ ಹಾಸಿಗೆಯ ಪಕ್ಕದಲ್ಲಿ ಇರಬೇಕೆಂದೇ? ನಮ್ಮೂರಿಗೆ ಒಂದು ಆರೋಗ್ಯ ಸೇವೆ ಬೇಕೆಂಬ ಸಂಕಟವೇ? 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾದ ಮೇಲೆ ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಇಲ್ಲಿ ಮತ್ತಷ್ಟು ಜೋರಾಯಿತು. ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾದ ಬಾಂಬೋಲಿ ಎಂದು ತಮ್ಮವರನ್ನು ಕರೆದುಕೊಂಡು ಓಡಿದವರಲ್ಲಿ ಈ ಆಸೆ ಹುಟ್ಟುವುದನ್ನು ನಾನು ಕಂಡಿದ್ದೇನೆ. ಆ ಆಸೆಗೆ ಎಂಬಿಬಿಎಸ್ ಒಂದು ಉತ್ತರ. ಬೇರೆ ಉತ್ತರಗಳೂ ಇವೆ.

ಮೊದಲು ಕಾಗದಪತ್ರ

ದಾರಿ ಯಾವುದೇ ಇರಲಿ, ವಯಸ್ಸಾದ ಮೇಲೆ ಓದಲು ಹೊರಟವರು ಓದಿಗಿಂತ ಮೊದಲು ಕಾಗದದಲ್ಲಿ ಸಿಕ್ಕಿಬೀಳುತ್ತಾರೆ. ಈಗಷ್ಟೇ ಪಿಯುಸಿ ಮುಗಿಸಿದ ಮಗುವಿನ ದಾಖಲೆಗಳೆಲ್ಲ ಒಂದೇ ಫೈಲಿನಲ್ಲಿ ಇರುತ್ತವೆ. ನಿಮ್ಮವು ಹದಿನೈದು ವರ್ಷದ ಹಿಂದಿನವು, ಬೇರೆ ಬೇರೆ ಊರಿನಲ್ಲಿ ಇರುತ್ತವೆ.

ಪಿಯುಸಿ ಅಂಕಪಟ್ಟಿ ತೆಗೆಯಿರಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗದವರಿಗೆ ಶೇ. 50, ಪರಿಶಿಷ್ಟರಿಗೂ ಹಿಂದುಳಿದ ವರ್ಗದವರಿಗೂ ಶೇ. 40 ಇರಬೇಕು, ಇಂಗ್ಲಿಷ್ ಪಾಸಾಗಿರಬೇಕು. ಇಲ್ಲಿಯೇ ಕೆಲವರ ಪ್ರಯಾಣ ನಿಲ್ಲುತ್ತದೆ, ಆದ್ದರಿಂದ ಕೋಚಿಂಗ್ ಫೀ ಕಟ್ಟುವ ಮೊದಲೇ ಇದನ್ನು ಲೆಕ್ಕ ಹಾಕಬೇಕು. ಜೀವಶಾಸ್ತ್ರ ಬಿಟ್ಟು ಗಣಿತ ತೆಗೆದುಕೊಂಡು ಎಂಜಿನಿಯರ್ ಆದವರಿಗೂ ಈಗ ಅವಕಾಶ ಇದೆ. ಹನ್ನೆರಡನೆಯ ತರಗತಿಯ ನಂತರ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಮಾನ್ಯತೆ ಇರುವ ಮಂಡಳಿಯಲ್ಲಿ ಪಾಸು ಮಾಡಿಕೊಂಡರೆ ಒಪ್ಪುತ್ತೇವೆ ಎಂದು ಆಯೋಗ 2023ರ ನವೆಂಬರ್‌ನಲ್ಲಿ ತಿಳಿಸಿತು. ಇದಕ್ಕೆ ಒಂದು ವರ್ಷ ಹಿಡಿಯುತ್ತದೆ ಎಂದೇ ಎಣಿಸಿಕೊಳ್ಳಿ.

ಇನ್ನು ಶಾಲೆಯ ವ್ಯಾಸಂಗ ಪ್ರಮಾಣಪತ್ರ. ಕರ್ನಾಟಕದ ಕೋಟಾದ ಸೀಟು ಬೇಕಾದರೆ ರಾಜ್ಯದಲ್ಲಿ ಕನಿಷ್ಠ ಏಳು ವರ್ಷ ಓದಿರುವುದನ್ನು ತೋರಿಸಬೇಕು. ಒಂದರಿಂದ ಹತ್ತರವರೆಗೆ ಹಳ್ಳಿಯ ಶಾಲೆಯಲ್ಲೇ ಓದಿದ್ದರೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲೇ ಓದಿದ್ದರೆ ಕನ್ನಡ ಮಾಧ್ಯಮದ ಮೀಸಲಾತಿ ಸಿಗುತ್ತದೆ. ನಮ್ಮ ಜಿಲ್ಲೆಯಲ್ಲಿ ಮೂವತ್ತು ದಾಟಿದ ಬಹಳಷ್ಟು ಮಂದಿಗೆ ಇವೆರಡೂ ಇರುತ್ತವೆ, ಅದು ಅವರಿಗೆ ಗೊತ್ತಿರುವುದಿಲ್ಲ. ಅಂಕೋಲೆಯ ಹಳ್ಳಿಯೊಂದರ ಹೆಣ್ಣುಮಗಳ ಜೊತೆ ಆಕೆಯ ಹಳೆಯ ಶಾಲೆಗೆ ನಾನೇ ಹೋಗಿದ್ದೆ. ಮಕ್ಕಳು ಕಡಿಮೆಯಾಗಿ ಆ ಶಾಲೆ ಪಕ್ಕದೂರಿನದಕ್ಕೆ ಸೇರಿಹೋಗಿತ್ತು. ದಾಖಲಾತಿ ಪುಸ್ತಕ ಅಲ್ಲಿನ ಕಪಾಟಿನಲ್ಲಿತ್ತು. ರಟ್ಟು ಬಿಚ್ಚಿಹೋದ ಉದ್ದನೆಯ ಪುಸ್ತಕ, ಮಳೆಗಾಲದ ತೇವಕ್ಕೆ ಹಾಳೆ ಒಂದಕ್ಕೊಂದು ಅಂಟಿದ್ದವು. ಹೆಡ್‌ಮಾಸ್ತರರು ಬೆರಳಿಗೆ ನೀರು ಮುಟ್ಟಿಸದೆ, ಸ್ಕೇಲಿನ ಅಂಚಿನಿಂದ ಒಂದೊಂದೇ ಹಾಳೆ ಬಿಡಿಸಿ ಆಕೆಯ ಹೆಸರು ಹುಡುಕಿದರು. ಪ್ರತಿ ತರಗತಿಗೂ ಯಾವ ವರ್ಷದಿಂದ ಯಾವ ವರ್ಷ ಎಂದು ಬರೆದು ಸಹಿ ಹಾಕಿದರು. ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಜಿಲ್ಲೆಯಲ್ಲಿ ಕಾರವಾರ, ಶಿರಸಿ ಎಂದು ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಪ್ರಾಥಮಿಕ ಶಾಲೆ ಘಟ್ಟದ ಕೆಳಗೆ, ಹೈಸ್ಕೂಲು ಘಟ್ಟದ ಮೇಲೆ ಆದವರು ಎರಡು ಕಡೆ ಓಡಾಡಬೇಕಾಗುತ್ತದೆ. ಸೀಟು ಹಂಚುವ ಕೌನ್ಸೆಲಿಂಗ್ ಶುರುವಾದ ಮೇಲೆ ಇದಕ್ಕೆ ಹೊರಟರೆ ಆಗುವುದಿಲ್ಲ, ಅರ್ಜಿ ಹಾಕುವ ವರ್ಷದ ಹಿಂದಿನ ದೀಪಾವಳಿಯೊಳಗೆ ಮುಗಿಸಿಕೊಳ್ಳಿ.

ಮದುವೆಯ ನಂತರ ಹೆಸರು ಬದಲಾದವರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹೆಸರಿನಲ್ಲೇ ನೀಟ್ ಅರ್ಜಿ ತುಂಬಬೇಕು. ಆಧಾರ್‌ನಲ್ಲಿ ಬೇರೆ ಇದ್ದರೆ ಮೊದಲೇ ಸರಿಪಡಿಸಿಕೊಳ್ಳುವುದು ಲೇಸು. ನಡುವೆ ಓದು ಬಿಟ್ಟ ವರ್ಷಗಳಿಗೆ ನೋಟರಿ ಅಫಿಡವಿಟ್ ಕೇಳುವುದು ರೂಢಿ. ಕೊನೆಗೆ ಓದಿದ ಕಾಲೇಜಿನ ಟಿಸಿ, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳೂ ಕೈಯಲ್ಲಿರಲಿ.

ಕೆಲಸದ ಜೊತೆ ನೀಟ್

ಮೂರು ಗಂಟೆ, 180 ಪ್ರಶ್ನೆ, 720 ಅಂಕ. ಜೀವಶಾಸ್ತ್ರಕ್ಕೆ 90 ಪ್ರಶ್ನೆ, ಭೌತ ಮತ್ತು ರಸಾಯನಶಾಸ್ತ್ರಕ್ಕೆ 45ರಂತೆ. ಸರಿಗೆ ನಾಲ್ಕು ಅಂಕ, ತಪ್ಪಿಗೆ ಒಂದು ಕಡಿತ. ಕನ್ನಡದಲ್ಲಿಯೂ ಬರೆಯಬಹುದು, ಆದರೆ ಪ್ರಶ್ನೆಯ ಅರ್ಥದಲ್ಲಿ ಗೊಂದಲವಾದರೆ ಇಂಗ್ಲಿಷ್ ಪಾಠವೇ ಅಂತಿಮ.

ನರ್ಸ್ ಆಗಿರುವವರು, ಬಿಎಸ್ಸಿ ಮಾಡಿದವರು ಜೀವಶಾಸ್ತ್ರ ನನಗೆ ಬರುತ್ತದೆ ಎಂಬ ಧೈರ್ಯದಲ್ಲಿ ಬರುತ್ತಾರೆ. ಬರುತ್ತದೆ ನಿಜ, ಆದರೆ ಅದರ ಅರ್ಧ ಭಾಗ ಸಸ್ಯಗಳದ್ದು, ವಂಶವಾಹಿಯದ್ದು, ಪರಿಸರದ್ದು. ಅವರನ್ನು ಕೆಡವುವುದು ಭೌತಶಾಸ್ತ್ರ. ಇನ್ನೊಂದು ಮಾತು: ಕರ್ನಾಟಕದ ಪಿಯು ವಿಜ್ಞಾನಕ್ಕೆ ಎನ್‌ಸಿಇಆರ್‌ಟಿ ಪಠ್ಯ ಬಂದದ್ದು 2012-13ರಿಂದ. ಅದಕ್ಕೂ ಮೊದಲಿನ ಪುಸ್ತಕ ಓದಿ ಪಾಸಾದವರು ಹಳೆಯ ನೋಟ್ಸನ್ನು ಬದಿಗಿಟ್ಟು ಹೊಸದಾಗಿ ಶುರುಮಾಡುವುದೇ ಸರಿ. 2024ರ ಪರೀಕ್ಷೆಯಿಂದ ಪಠ್ಯಕ್ರಮವೂ ಕಿರಿದಾಗಿದೆ. ಜೀರ್ಣಕ್ರಿಯೆಯ ಅಧ್ಯಾಯವೇ ಈಗಿಲ್ಲ.

ಕೆಲಸ ಬಿಡುವ ಮೊದಲು ಮೂರು ತಿಂಗಳು ಬೆಳಿಗ್ಗೆ ಎರಡು ಗಂಟೆ ಓದಿ ನೋಡಿ, ಆಮೇಲೆ ಹಿಂದಿನ ವರ್ಷದ ಪ್ರಶ್ನೆಪತ್ರಿಕೆಯೊಂದನ್ನು ಗಡಿಯಾರ ಇಟ್ಟುಕೊಂಡು ಬರೆಯಿರಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಭೌತಶಾಸ್ತ್ರದಲ್ಲಿ ಅರ್ಧದಷ್ಟು ಪ್ರಶ್ನೆಯನ್ನಾದರೂ ಅರ್ಥಮಾಡಿಕೊಂಡು ಬಿಡಿಸಿದರೆ ಒಂದು ವರ್ಷ ರಜೆ ಹಾಕುವ, ಮಂಗಳೂರಿಗೋ ಧಾರವಾಡಕ್ಕೋ ಲಾಂಗ್ ಟರ್ಮ್ ಬ್ಯಾಚಿಗೆ ಹೋಗುವ ಯೋಚನೆ ಮಾಡಬಹುದು. ಇಲ್ಲದಿದ್ದರೆ ಕೆಲಸ ಇಟ್ಟುಕೊಂಡೇ ಎರಡು ವರ್ಷದ ಯೋಜನೆ ಹಾಕಿ. ಶಿರಸಿ, ಸಿದ್ದಾಪುರದ ತೋಟದ ಮನೆಯವರು ಅಡಿಕೆ ಕೊನೆಕೊಯ್ಲಿನ ತಿಂಗಳುಗಳನ್ನು ಲೆಕ್ಕದಿಂದ ತೆಗೆದೇ ವೇಳಾಪಟ್ಟಿ ಮಾಡಿಕೊಳ್ಳಬೇಕು. ಆ ದಿನಗಳಲ್ಲಿ ರಾತ್ರಿ ಅಡಿಕೆ ಸುಲಿಯುವ ಮನೆಯಲ್ಲಿ ಓದು ನಡೆಯುವುದಿಲ್ಲ.

ಅಂಕಕ್ಕಿಂತ ರ‍್ಯಾಂಕ್ ನೋಡುವುದನ್ನು ರೂಢಿ ಮಾಡಿಕೊಳ್ಳಿ. 2024ರಲ್ಲಿ ಅಂಕಗಳು ಏರಿದ್ದವು, 2025ರಲ್ಲಿ ಪತ್ರಿಕೆ ಕಠಿಣವಾಗಿ ಬಹಳ ಇಳಿದವು. ಯಾರೋ ಹೇಳಿದ ಹಳೆಯ ವರ್ಷದ ಅಂಕ ಇಟ್ಟುಕೊಂಡು ಆಸೆಪಡುವುದೂ ಬೇಡ, ಕೈಚೆಲ್ಲುವುದೂ ಬೇಡ.

ಎಂಬಿಬಿಎಸ್: ಮೂರು ಬಗೆಯ ಸೀಟು, ಮೂರು ಬಗೆಯ ಬದುಕು

ಎಲ್ಲ ಎಂಬಿಬಿಎಸ್ ಒಂದೇ ಎನ್ನುವುದು ಪದವಿಯ ಮಟ್ಟಿಗೆ ಸರಿ. ಸೀಟಿನ ಮಟ್ಟಿಗೆ ಸರಿಯಲ್ಲ.

ಸರ್ಕಾರಿ ಸೀಟು ಸಿಕ್ಕರೆ ಎರಡನೆಯ ಮಾತಿಲ್ಲ. ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ನಾವೆಲ್ಲ ಕ್ರಿಮ್ಸ್ ಎನ್ನುವುದು, 2013ರಲ್ಲಿ ಶುರುವಾಯಿತು. 150 ಸೀಟುಗಳಿವೆ. ಅದರಲ್ಲಿ ಶೇ. 15 ಅಖಿಲ ಭಾರತ ಕೋಟಾಕ್ಕೆ ಹೋಗಿ ಉಳಿದವು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ರಾಜ್ಯದವರಿಗೆ. ವರ್ಷದ ಶುಲ್ಕ ಅರವತ್ತು ಸಾವಿರದ ಆಸುಪಾಸು. ಮನೆ ಮಠ ಇದ್ದವರಿಗೆ ಶುಲ್ಕಕ್ಕಿಂತ ದೊಡ್ಡ ಲಾಭ ಊರಿನ ಹತ್ತಿರ ಇರುವುದು. ಅಂಕೋಲೆಯವರು ಬಸ್ಸಿನಲ್ಲಿ ಹೋಗಿ ಬರಬಹುದು, ಕುಮಟಾದವರಿಗೆ ದಿನಾ ಎಂದರೆ ಕಷ್ಟ, ಶಿರಸಿಯವರು ಹಾಸ್ಟೆಲ್ಲೋ ಬಾಡಿಗೆ ಮನೆಯೋ ನೋಡಲೇಬೇಕು. ತರಗತಿಗೆ ಶೇ. 75, ಪ್ರಾಯೋಗಿಕಕ್ಕೆ ಶೇ. 80 ಹಾಜರಾತಿ ಬೇಕು, ಕೆಲಸ ಮಾಡಿಕೊಂಡು ಓದುವ ಕೋರ್ಸ್ ಅಲ್ಲವೇ ಅಲ್ಲ. ಹುಬ್ಬಳ್ಳಿ, ಶಿವಮೊಗ್ಗ, ಗದಗ, ಹಾವೇರಿಯ ಸರ್ಕಾರಿ ಕಾಲೇಜುಗಳೂ ನಮಗೆ ದೂರವೇನಲ್ಲ. ಬಾಂಬೋಲಿ ಕಾರವಾರಕ್ಕೆ ಹತ್ತಿರವಾದರೂ ಗೋವಾ ರಾಜ್ಯದ ಕೋಟಾ ಅಲ್ಲಿನ ವಾಸಿಗಳಿಗೆ ಮಾತ್ರ, ನಮಗೆ ಅಖಿಲ ಭಾರತ ಕೋಟಾ ಒಂದೇ ದಾರಿ.

ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷದ ಪರೀಕ್ಷೆಗೆ ನಾಲ್ಕೇ ಅವಕಾಶ, ಇಡೀ ಕೋರ್ಸನ್ನು ಒಂಬತ್ತು ವರ್ಷದೊಳಗೆ ಮುಗಿಸಬೇಕು. 31ಕ್ಕೆ ಸೇರಿದವರು 36-37ಕ್ಕೆ ವೈದ್ಯರಾಗುತ್ತಾರೆ. ತಜ್ಞ ವೈದ್ಯರಾಗಲು ಎಂಡಿ ಬೇಕೆಂದರೆ ಪ್ರವೇಶ ಪರೀಕ್ಷೆಯ ತಯಾರಿ, ಆಮೇಲೆ ಮೂರು ವರ್ಷ, ಒಟ್ಟು ನಲವತ್ತು ದಾಟಿತು. ಸರ್ಕಾರಿ ಹುದ್ದೆಗಳಿಗೆ ವಯೋಮಿತಿ ಇರುತ್ತದೆ ಎಂಬುದನ್ನೂ ನೆನಪಿಡಿ. ಇಷ್ಟಾದರೂ ನಾನು ಇದನ್ನೇ ಮೊದಲಿಗೆ ಇಡುತ್ತೇನೆ. 37ರಿಂದ ಅರವತ್ತೈದರವರೆಗೆ ಕೆಲಸ ಮಾಡುವ ವೈದ್ಯರೊಬ್ಬರು ಜೋಯಿಡಾಕ್ಕೋ, ಮಂಗನ ಕಾಯಿಲೆ ಕಾಡುವ ಸಿದ್ದಾಪುರದ ಹಳ್ಳಿಗಳಿಗೋ ಸಿಕ್ಕರೆ ಅದು ಸಣ್ಣ ಮಾತಲ್ಲ. ಎಂಡಿ ಮಾಡದ ಎಂಬಿಬಿಎಸ್ ವೈದ್ಯರ ಅಗತ್ಯ ಇಲ್ಲಿ ಇದ್ದೇ ಇದೆ.

ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟಿಗೆ ವರ್ಷಕ್ಕೆ ಒಂದೂವರೆ ಲಕ್ಷದ ಸುತ್ತಮುತ್ತ. ಇದು ಇನ್ನೂ ನಿಭಾಯಿಸಬಹುದಾದದ್ದು. ಅದೇ ಕಾಲೇಜಿನ ಖಾಸಗಿ ಕೋಟಾದ ಸೀಟು ವರ್ಷಕ್ಕೆ ಹತ್ತು ಲಕ್ಷ ದಾಟುತ್ತದೆ, ಮುಗಿಯುವಷ್ಟರಲ್ಲಿ ಅರ್ಧ ಕೋಟಿ. ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಇನ್ನೂ ಹೆಚ್ಚು. ಹದಿನೆಂಟರ ಮಗನಿಗೆ ಅಪ್ಪ ಸಾಲ ಮಾಡುತ್ತಾನೆ, ಮೂವತ್ತೊಂದರ ನಿಮಗೆ ನೀವೇ ಮಾಡಬೇಕು. ಶಿಕ್ಷಣ ಸಾಲದ ಕಂತು ಕೋರ್ಸು ಮುಗಿದು ಒಂದು ವರ್ಷದ ನಂತರ ಶುರುವಾಗಿ ಹದಿನೈದು ವರ್ಷದವರೆಗೆ ಹೋಗುತ್ತದೆ. ಅಂದರೆ ನಿಮ್ಮ 38ರಿಂದ 53. ನಿಮ್ಮ ಮಕ್ಕಳ ಕಾಲೇಜಿನ ಫೀಯೂ ಅದೇ ವರ್ಷಗಳಲ್ಲಿ ಬೀಳುತ್ತದೆ. ಏಳೂವರೆ ಲಕ್ಷ ದಾಟಿದ ಸಾಲಕ್ಕೆ ಬ್ಯಾಂಕು ಅಡಮಾನ ಕೇಳುತ್ತದೆ, ನಮ್ಮಲ್ಲಿ ಅಡಮಾನ ಎಂದರೆ ಮನೆ, ತೋಟ. ತೋಟ ಅಡವಿಟ್ಟು ಮೂವತ್ತರ ನಂತರ ಈ ಸೀಟು ತೆಗೆದುಕೊಳ್ಳಬೇಡಿ ಎಂದು ನಾನು ಮುಖ ನೋಡಿ ಹೇಳುತ್ತೇನೆ. ಬೇಸರಪಟ್ಟುಕೊಂಡರೂ ಹೇಳುತ್ತೇನೆ.

ವಿದೇಶದ ಎಂಬಿಬಿಎಸ್ ಬಗ್ಗೆ ಏಜೆಂಟರು ಹೇಳುವುದರಲ್ಲಿ ಶುಲ್ಕದ ಮಾತು ಮಾತ್ರ ಇರುತ್ತದೆ. 2021ರ ನವೆಂಬರ್‌ನ ನಿಯಮದಂತೆ ಕನಿಷ್ಠ 54 ತಿಂಗಳ ಕೋರ್ಸು ಇಂಗ್ಲಿಷಿನಲ್ಲಿ, ಒಂದೇ ಸಂಸ್ಥೆಯಲ್ಲಿ ಆಗಬೇಕು. ಅಲ್ಲೇ ಹನ್ನೆರಡು ತಿಂಗಳ ಇಂಟರ್ನ್‌ಶಿಪ್. ಬಂದ ಮೇಲೆ ವಿದೇಶದಲ್ಲಿ ಓದಿದವರಿಗೆಂದೇ ಇರುವ ಎಫ್‌ಎಂಜಿಇ ಪರೀಕ್ಷೆಯಲ್ಲಿ 300ಕ್ಕೆ 150 ತೆಗೆಯಬೇಕು. ಇತ್ತೀಚಿನ ವರ್ಷಗಳಲ್ಲಿ ಬರೆದವರಲ್ಲಿ ಮೂರರಲ್ಲೊಬ್ಬರೂ ಪಾಸಾಗುವುದು ಅಪರೂಪ. ಅದಾದ ಮೇಲೆ ಭಾರತದಲ್ಲಿ ಇನ್ನೊಂದು ವರ್ಷ ಇಂಟರ್ನ್‌ಶಿಪ್. ಹೋಗುವ ಮೊದಲು ನೀಟ್ ಅರ್ಹತೆಯೂ ಬೇಕೇ ಬೇಕು. ಮೂವತ್ತಕ್ಕೆ ಹೊರಟವರು ಎಲ್ಲ ನೆಟ್ಟಗಾದರೂ ಮೂವತ್ತೆಂಟಕ್ಕೆ ನೋಂದಣಿ ಪಡೆಯುತ್ತಾರೆ. 2022ರಲ್ಲಿ ಯುದ್ಧ ಶುರುವಾಗಿ ಉಕ್ರೇನಿನಿಂದ ಓದು ಅರ್ಧಕ್ಕೆ ಬಿಟ್ಟು ಬಂದ ಮಕ್ಕಳಿಗೆ ಮತ್ತೆ ಶುರುಮಾಡುವಷ್ಟು ವಯಸ್ಸಾದರೂ ಇತ್ತು. ಸಂಸಾರ ಇರುವವರಿಗೆ ಈ ದಾರಿಯನ್ನು ನಾನು ಸೂಚಿಸುವುದಿಲ್ಲ.

ಬಿಎಎಂಎಸ್

ಇದು ಆಯುರ್ವೇದ ವೈದ್ಯರ ಪದವಿ. ಇದಕ್ಕೂ ನೀಟ್ ಬೇಕು, ರ‍್ಯಾಂಕ್ ಮಾತ್ರ ಬಹಳ ಸಡಿಲ. ಅವಧಿ ಎಂಬಿಬಿಎಸ್‌ನಷ್ಟೇ, ಐದೂವರೆ ವರ್ಷ. ವಯಸ್ಸು ಉಳಿಸಲು ಬಿಎಎಂಎಸ್ ಎನ್ನುವವರು ಇದನ್ನು ಮರೆಯುತ್ತಾರೆ, ಇಲ್ಲಿ ಒಂದು ದಿನವೂ ಉಳಿಯುವುದಿಲ್ಲ. ಉಳಿಯುವುದು ಸೀಟಿನ ಪೈಪೋಟಿ. ಸಿದ್ದಾಪುರದಲ್ಲೇ ಆಯುರ್ವೇದ ಕಾಲೇಜು ಇದೆ, ಉಡುಪಿ, ಮೂಡುಬಿದಿರೆಯಲ್ಲೂ ಇವೆ. ಮೊದಲ ವರ್ಷವೇ ಸಂಸ್ಕೃತ, ಅಷ್ಟಾಂಗಹೃದಯ ಬರುತ್ತವೆ. ಮನೆಯಲ್ಲಿ ಕಷಾಯ, ಬೇರು, ಸೊಪ್ಪಿನ ಬಳಕೆ ನೋಡಿ ಬೆಳೆದ, ಸಂಸ್ಕೃತದ ಪರಿಚಯ ಇರುವ ಮಲೆನಾಡಿನ ಹಲವರಿಗೆ ಇದು ಒಗ್ಗುತ್ತದೆ. ಶಾಲೆ, ಅಂಗನವಾಡಿಗಳಿಗೆ ಬಂದು ಮಕ್ಕಳ ತಪಾಸಣೆ ಮಾಡುವ ಆರ್‌ಬಿಎಸ್‌ಕೆ ತಂಡದಲ್ಲಿ ಇರುವವರು ಆಯುರ್ವೇದವೂ ಸೇರಿದ ಆಯುಷ್ ಪದ್ಧತಿಗಳ ವೈದ್ಯರೇ. ಗೋಕರ್ಣದ ಕಡೆ ಪಂಚಕರ್ಮ ಕೇಂದ್ರಗಳೂ ಇವೆ.

ಆಯುರ್ವೇದದ ಮೇಲೆ ನಂಬಿಕೆ ಇದ್ದರೆ ಸೇರಿ. ಎಂಬಿಬಿಎಸ್ ಸಿಗಲಿಲ್ಲ, ಹೆಸರಿನ ಮುಂದೆ ಡಾಕ್ಟರ್ ಬಂದರೆ ಸಾಕು ಎಂದು ಸೇರಿದವರು ಎರಡನೆಯ ವರ್ಷಕ್ಕೇ ಸೋಲುವುದನ್ನು ನೋಡಿದ್ದೇನೆ. ನಲವತ್ತರ ಹತ್ತಿರ ಬಂದು ಮನಸ್ಸಿಲ್ಲದ ಕೆಲಸಕ್ಕೆ ಕೂರುವುದು ಯಾರಿಗೂ ಬೇಡ.

ನರ್ಸಿಂಗ್, ಮತ್ತು ಈಗಾಗಲೇ ನರ್ಸ್ ಆಗಿರುವವರು

ಮೂವತ್ತರ ಆಚೆ ಈಚೆ ಇರುವವರಿಗೆ ನಮ್ಮಲ್ಲಿ ಅತಿ ಕಡಿಮೆ ಬೆಲೆ ಕಟ್ಟಿರುವ ದಾರಿ ಇದು, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ಬಿಎಸ್ಸಿ ನರ್ಸಿಂಗ್ ಪದವಿ ನಾಲ್ಕು ವರ್ಷ, ನರ್ಸಿಂಗ್ ಡಿಪ್ಲೊಮಾ ಆದ ಜಿಎನ್‌ಎಂ ಮೂರು ವರ್ಷ. ಬಿಎಸ್ಸಿಗೆ ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿ ಮೂಲಕ ಪ್ರವೇಶ, ನೀಟ್‌ನ ಪೈಪೋಟಿ ಇಲ್ಲ. ಜಿಎನ್‌ಎಂಗೆ 35ರ ಗರಿಷ್ಠ ವಯೋಮಿತಿ ಇದೆ, ಆದ್ದರಿಂದ ನೀಟನ್ನು ಮೂರು ಸಲ ಬರೆದು ಆಮೇಲೆ ನೋಡುತ್ತೇನೆ ಎಂದರೆ ಈ ಬಾಗಿಲು ಮುಚ್ಚಿರುತ್ತದೆ. ಮೂವತ್ತಕ್ಕೆ ಸೇರಿದವರು ಮೂವತ್ತನಾಲ್ಕಕ್ಕೆ ಸಂಬಳ ತರುತ್ತಾರೆ.

ಊರಿಗೆ ಸೇವೆ ಬೇಕೆಂಬ ಸಂಕಟ ಇರುವವರು ಸಮುದಾಯ ಆರೋಗ್ಯ ಅಧಿಕಾರಿಯ ಹುದ್ದೆಯನ್ನು ಹತ್ತಿರದಿಂದ ನೋಡಬೇಕು. ಬಿಎಸ್ಸಿ ನರ್ಸಿಂಗ್ ಆದವರನ್ನು ಉಪಕೇಂದ್ರಗಳಲ್ಲಿ, ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎನ್ನುವಲ್ಲಿ, ಇರಿಸುತ್ತಾರೆ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ, ಬಾಣಂತಿಯ ಆರೈಕೆ, ದೊಡ್ಡ ಆಸ್ಪತ್ರೆಗೆ ಯಾರನ್ನು ಕೂಡಲೇ ಕಳಿಸಬೇಕು ಎಂಬ ತೀರ್ಮಾನ ಅವರದ್ದೇ. ಮಳೆಗಾಲದಲ್ಲಿ ಹಳ್ಳ ತುಂಬಿ ರಸ್ತೆ ಕಡಿದ ಊರಿನಲ್ಲಿ ಜನ ಮೊದಲು ಬಾಗಿಲು ತಟ್ಟುವುದು ಅವರದ್ದನ್ನೇ.

ಆಗಲೇ ನರ್ಸ್ ಆಗಿದ್ದು ಎಂಬಿಬಿಎಸ್‌ಗೆ ಬರಬೇಕೆನ್ನುವವರ ಮಾತು ಬೇರೆ. ನರ್ಸಿಂಗ್ ಅನುಭವಕ್ಕೆ ನೀಟ್‌ನಲ್ಲಾಗಲಿ, ಎಂಬಿಬಿಎಸ್ ಅವಧಿಯಲ್ಲಾಗಲಿ ಯಾವ ರಿಯಾಯಿತಿಯೂ ಇಲ್ಲ. ಮೊದಲ ವರ್ಷದ ಅಂಗರಚನೆಯಿಂದಲೇ ಶುರು. ಜಿಎನ್‌ಎಂ ಆದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ, ಆಮೇಲೆ ಎಂಎಸ್ಸಿ ಅಥವಾ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟಿಷನರ್ ಕೋರ್ಸ್ ಮಾಡಿದರೆ ತಮ್ಮದೇ ವೃತ್ತಿಯಲ್ಲಿ ಮೇಲೇರಬಹುದು. ವೈದ್ಯರು ತಮ್ಮನ್ನು ನಡೆಸಿಕೊಳ್ಳುವ ರೀತಿಗೆ ನೊಂದು ನಾನೂ ಡಾಕ್ಟರಾಗಬೇಕು ಎಂದು ಹೊರಟವರಿಗೆ ನಾನು ಮೊದಲು ಆಸ್ಪತ್ರೆ ಬದಲಿಸಿ ನೋಡಿ ಎನ್ನುತ್ತೇನೆ. ರೋಗಪತ್ತೆಯ ಕೆಲಸವೇ ಸೆಳೆಯುತ್ತದೆ ಎನ್ನುವವರಿಗೆ ನೀಟ್ ಪುಸ್ತಕ ಕೊಡುತ್ತೇನೆ.

ದಂತವೈದ್ಯದ ಬಿಡಿಎಸ್ ಐದು ವರ್ಷ, ಹೋಮಿಯೋಪಥಿಯ ಬಿಎಚ್‌ಎಂಎಸ್ ಐದೂವರೆ, ಎರಡಕ್ಕೂ ನೀಟ್. ಪ್ರಯೋಗಾಲಯ, ಎಕ್ಸ್‌ರೇ, ಡಯಾಲಿಸಿಸ್, ಶಸ್ತ್ರಚಿಕಿತ್ಸಾ ಕೊಠಡಿಯ ತಂತ್ರಜ್ಞರ ಕೋರ್ಸ್‌ಗಳು ಇನ್ನೂ ಚಿಕ್ಕವು. ಬೇರೆ ಪದವಿ ಇದ್ದು ಆರೋಗ್ಯ ಕ್ಷೇತ್ರಕ್ಕೇ ಬರಬೇಕೆನ್ನುವವರಿಗೆ ಸಾರ್ವಜನಿಕ ಆರೋಗ್ಯದಲ್ಲಿ ಅಥವಾ ಆಸ್ಪತ್ರೆ ಆಡಳಿತದಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿ ಇದೆ.

ಅರ್ಜಿ ಹಾಕುವಾಗ

ಒಂದನ್ನೇ ಹಿಡಿದು ಕೂರಬೇಕಾಗಿಲ್ಲ. ನೀಟ್‌ನಲ್ಲಿ ಬಂದ ಅದೇ ಅಂಕದ ಮೇಲೆ ಎಂಬಿಬಿಎಸ್, ಬಿಡಿಎಸ್, ಬಿಎಎಂಎಸ್ ಮೂರಕ್ಕೂ ಹೋಗಬಹುದು. ಅದೇ ವರ್ಷ ಸಿಇಟಿಗೂ ಅರ್ಜಿ ಹಾಕಿ ನರ್ಸಿಂಗ್ ಬಾಗಿಲನ್ನೂ ತೆರೆದಿಡಿ. ನೀಟ್ ಬರೆದರೆ ಸಾಲದು, ಪರೀಕ್ಷಾ ಪ್ರಾಧಿಕಾರದಲ್ಲಿ ಬೇರೆಯಾಗಿ ನೋಂದಾಯಿಸಿ ದಾಖಲೆ ಪರಿಶೀಲನೆ ಮಾಡಿಸಬೇಕು. ಅರ್ಜಿಯಲ್ಲಿ ಗ್ರಾಮೀಣ, ಕನ್ನಡ ಮಾಧ್ಯಮದ ಕಲಂಗಳನ್ನು ಖಾಲಿ ಬಿಟ್ಟವರಿಗೆ ಆಮೇಲೆ ಪ್ರಮಾಣಪತ್ರ ತಂದರೂ ಉಪಯೋಗವಾಗುವುದು ಕಷ್ಟ.

ಬೇಕಾದ ಕಾಲೇಜುಗಳ ಆಪ್ಷನ್ ತುಂಬುವ ದಿನ ಮನೆಯವರನ್ನೆಲ್ಲ ಕೂರಿಸಿಕೊಂಡು ಎರಡು ಗೆರೆ ಎಳೆಯಿರಿ. ವರ್ಷಕ್ಕೆ ಇಷ್ಟು ರೂಪಾಯಿಗಿಂತ ಮೇಲಿನ ಸೀಟು ಬೇಡ ಎಂಬುದು ಒಂದು, ಮನೆಯಿಂದ ಇಷ್ಟು ದೂರಕ್ಕಿಂತ ಆಚೆಯ ಕಾಲೇಜು ಬೇಡ ಎಂಬುದು ಇನ್ನೊಂದು. ಆ ಗೆರೆ ದಾಟಿದ ಯಾವ ಕಾಲೇಜನ್ನೂ ಪಟ್ಟಿಯಲ್ಲಿ ಸೇರಿಸಬೇಡಿ. ಇರಲಿ ಎಂದು ಕೊನೆಯಲ್ಲಿ ತುಂಬಿದ ದುಬಾರಿ ಸೀಟೇ ಕೊನೆಯ ಸುತ್ತಿನಲ್ಲಿ ಬಂದರೆ, ಬಿಡುವುದಕ್ಕೂ ದಂಡ ಕಟ್ಟಬೇಕಾಗುತ್ತದೆ.